ಮೂರನೇ ಸಾಲು, ಕಂಬದ ಪಕ್ಕ

ಕನ್ನಡಕದ ಅಂಗಡಿಯ ಹಿಂದಿನ ಕತ್ತಲು ಕೋಣೆಯಲ್ಲಿ ಕೂತು ಚೂಟಿ ದಿನವಿಡೀ ಕೇಳುವ ಪ್ರಶ್ನೆ ಒಂದೇ: ಒಂದನೆಯದು ಸ್ಪಷ್ಟವೋ, ಎರಡನೆಯದೋ? ಎದುರಿನ ಕುರ್ಚಿಯಲ್ಲಿ ಗಲ್ಲ ಊರಿ ಕೂತವರ ಕಣ್ಣ ಮುಂದೆ ಗಾಜು ಬದಲಾಗುತ್ತದೆ, ಮತ್ತೆ ಅದೇ ಪ್ರಶ್ನೆ ಬರುತ್ತದೆ. ಕೆಲವರು ಥಟ್ಟನೆ ಹೇಳುತ್ತಾರೆ, ಕೆಲವರು ಗಣಿತದ ಪರೀಕ್ಷೆಗೆ ಕೂತವರಂತೆ ಬೆವರುತ್ತಾರೆ, ಇನ್ನು ಕೆಲವರು ಅವಳ ಮನಸ್ಸು ನೋಯಬಾರದೆಂದು ಎರಡೂ ಚೆನ್ನಾಗಿದೆ ಎನ್ನುತ್ತಾರೆ. ಇಂಥವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತದೆ. ಎರಡೂ ಚೆನ್ನಾಗಿರುವುದಕ್ಕೆ ಇದೇನು ಬಟ್ಟೆ ಅಂಗಡಿಯೇ?

ಆ ಕಸುಬಿನಲ್ಲಿ ಅವಳು ಕಲಿತ ಮೊದಲ ಪಾಠವೆಂದರೆ ಉತ್ತರವನ್ನು ಗಿರಾಕಿಯ ಬಾಯಿಗೆ ಇಡಬಾರದು ಎಂಬುದು. ಈಗ ಚೆನ್ನಾಗಿ ಕಾಣುತ್ತಿದೆ ಅಲ್ಲವೇ ಎಂದು ಕೇಳಿದಿರೋ ಮುಗಿಯಿತು, ಎದುರಿಗಿರುವ ಗೋಡೆಯೇ ಕಾಣದವನೂ ಹೌದು ಎನ್ನುತ್ತಾನೆ. ಆಮೇಲೆ ಆ ಕನ್ನಡಕ ಹಾಕಿಕೊಂಡು ಮೆಟ್ಟಿಲು ತಪ್ಪಿ ಬಿದ್ದರೆ ಬೈಗುಳವೆಲ್ಲ ಅಂಗಡಿಗೆ.

ಚೂಟಿ ಎನ್ನುವುದು ಅಪ್ಪ ಕರೆದ ಹೆಸರು. ಕಿವಿಯ ಬಳಿ ಕೂದಲು ಬೆಳ್ಳಗಾಗತೊಡಗಿದರೂ ಆ ಹೆಸರು ಫ್ರಾಕಿನ ವಯಸ್ಸು ದಾಟಿರಲಿಲ್ಲ. ಗಂಡನ ಪ್ರಕಾರ ಅವಳನ್ನು ಮೊಂಡಿ ಎಂದು ಕರೆಯಬೇಕಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಅವನು ಬೇಕಾದಷ್ಟು ನೋಡಿದ್ದಾನಂತೆ. ಇವಳು ಮೊಲ ಸಿಗುವ ಮುಂಚೆಯೇ ಕಾಲು ಎಣಿಸಿಟ್ಟವಳು ಎಂದು ಅವನು ನೆಂಟರ ಮುಂದೆಲ್ಲ ಹೇಳುತ್ತಿದ್ದ.

ಒಂದು ದಿನ ಊಟದ ಬಿಡುವಿನಲ್ಲಿ ಬೀದಿಯ ತುದಿಯ ಡಿಸ್ಕ್ ಅಂಗಡಿಯ ಕಿಟಕಿಯಲ್ಲಿ ಅವಳಿಗೆ ಒಂದು ಪೆಟ್ಟಿಗೆ ಕಂಡಿತು. ನೀಲಿ ಅಂಚಿನ ತೆಳು ಪೆಟ್ಟಿಗೆ, ಮೇಲೆ ದೋಣಿಯಲ್ಲಿ ಎದೆಯುಬ್ಬಿಸಿ ನಿಂತ ನಾಯಕ, ಅವನ ಪಾದದ ಕೆಳಗೆ ಹೈ ಡೆಫಿನಿಷನ್ ಎಂಬ ಬೆಳ್ಳಿ ಅಕ್ಷರ. ಅವಳ ಎಡಗಣ್ಣು ತಾನಾಗಿ ಕಿರಿದಾಯಿತು. ಯಾವುದನ್ನಾದರೂ ಗಮನವಿಟ್ಟು ನೋಡುವಾಗ ಅವಳಿಗೆ ಹಾಗಾಗುತ್ತದೆ. ಕನ್ನಡಕ ಮಾರುವವಳಿಗೇ ಮೊದಲು ಒಂದು ಕನ್ನಡಕ ಕೊಡಿಸಬೇಕು ಎಂದು ಜೊತೆಯವರು ನಗುತ್ತಿದ್ದರು.

ಆ ಸಿನಿಮಾದಲ್ಲಿ ಅವಳ ಅಮ್ಮ ಇದ್ದಳು. ನಾಯಕಿಯಲ್ಲ, ನಾಯಕಿಯ ಗೆಳತಿಯೂ ಅಲ್ಲ. ದೋಣಿಯಲ್ಲಿ ಬಂದಿಳಿಯುವ ನಾಯಕನನ್ನು ಎದುರುಗೊಳ್ಳಲು ಕಟ್ಟೆಯ ಮೇಲೆ ನಿಂತ ಗುಂಪಿನಲ್ಲಿ ಒಬ್ಬಳು, ಅಷ್ಟೇ. ಅಪ್ಪ ಆಗ ಅದೇ ಚಿತ್ರದ ತಂಡದಲ್ಲಿ ಬೆಳ್ಳಿ ಕಾಗದ ಅಂಟಿಸಿದ ದೊಡ್ಡ ಹಲಗೆ ಹಿಡಿಯುವ ಕೆಲಸದಲ್ಲಿದ್ದ. ಬಿಸಿಲನ್ನು ಆ ಹಲಗೆಯಲ್ಲಿ ಹಿಡಿದು ನಾಯಕಿಯ ಮುಖದ ಮೇಲೆ ಬಿಡಬೇಕು, ಕ್ಯಾಮೆರಾ ಓಡುವಷ್ಟು ಹೊತ್ತು ಅಲುಗಾಡಬಾರದು. ದೋಣಿಕಟ್ಟೆಯ ದಿನ ಗಾಳಿಗೆ ಹಲಗೆ ಜಾರಿ ಬೆಳಕು ಎತ್ತಲೋ ಹೋಯಿತೆಂದು ನಿರ್ದೇಶಕ ಎಲ್ಲರೆದುರು ಅವನ ನೀರಿಳಿಸಿದ್ದ. ಈ ಕತೆಯನ್ನು ಅಪ್ಪ ಯಾವುದೋ ದೊಡ್ಡ ಬಹುಮಾನ ಬಂದವನ ಹಾಗೆ ಹೇಳಿಕೊಳ್ಳುತ್ತಿದ್ದ. ಆ ಗುಂಪಿಗೆ ಬಂದ ಹುಡುಗಿಯನ್ನೇ ಆಮೇಲೆ ಅವನು ಮದುವೆಯಾದ.

ಚೂಟಿಗೆ ಎರಡು ತುಂಬುವ ಮೊದಲೇ ಅಮ್ಮ ಜ್ವರ ಬಂದು ತೀರಿಕೊಂಡಳು. ಮದುವೆಯ ಫೋಟೋ ಒಂದಿತ್ತು. ಸೋರುವ ಗೋಡೆಯ ಮೇಲೆ ತೇವ ಹೀರಿ ಹೀರಿ ಅದು ಚೌಕಟ್ಟಿನ ಗಾಜಿಗೇ ಅಂಟಿಕೊಂಡಿತ್ತು. ಬಿಡಿಸಲು ಹೋದಾಗ ಕಾಗದದ ಮೇಲೆ ಅಪ್ಪನ ಮುಖ ಉಳಿಯಿತು, ಅಮ್ಮನದು ಚಕ್ಕೆ ಚಕ್ಕೆಯಾಗಿ ಗಾಜಿನ ಜೊತೆ ಎದ್ದುಬಂತು. ಹೀಗಾಗಿ ಅಮ್ಮ ಹೇಗಿದ್ದಳು ಎಂದರೆ ತೋರಿಸಲು ಉಳಿದದ್ದು ಆ ಸಿನಿಮಾ ಒಂದೇ. ಮಗುವನ್ನು ಕಟ್ಟಿಕೊಂಡು ಊರೂರು ತಿರುಗುವುದಾಗದೆ ಅಪ್ಪ ಹಲಗೆ ಬಿಟ್ಟು ಅಂಗಡಿ ಕಿಟಕಿಗಳಿಗೆ ಗಾಜು ಕೂರಿಸುವ ಕೆಲಸ ಹಿಡಿದ.

ಪ್ರತಿ ವರ್ಷ ಅಮ್ಮ ಹೋದ ದಿನ ಅಪ್ಪ ಆ ಚಿತ್ರ ಹಾಕುತ್ತಿದ್ದ. ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಹಳೆಯ ಡಿಸ್ಕಿನಲ್ಲಿ. ದೋಣಿ ಕಟ್ಟೆಗೆ ತಾಗುವ ಹೊತ್ತಿಗೆ ಸರಿಯಾಗಿ ಗುಂಡಿ ಒತ್ತಿ ನಿಲ್ಲಿಸಿ, ಛತ್ರಿಯ ತುದಿಯಿಂದ ಪರದೆ ಮುಟ್ಟಿ, "ಅಗೋ, ಮೂರನೇ ಸಾಲು, ಕಂಬದ ಪಕ್ಕ" ಎನ್ನುತ್ತಿದ್ದ. ಅಲ್ಲಿ ಉಗುರಿನಷ್ಟು ಅಗಲದ ಒಂದು ಮಸುಕು ಇತ್ತು, ಅದರ ತಲೆಯ ಮೇಲೆ ಬಿಳಿಯದೇನೋ. ಕಣ್ಣಿಲ್ಲ, ಮೂಗಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅದನ್ನು ನೋಡುವುದು, ಅಪ್ಪ ಟಿವಿ ಆರಿಸುವುದು, ಊಟಕ್ಕೆ ಏಳುವುದು. ಮುಂದಿನ ಕತೆ ಏನಾಯಿತೆಂದು ಆ ಮನೆಯಲ್ಲಿ ಯಾರೂ ನೋಡಿದವರಲ್ಲ. ಚಿಕ್ಕವಳಿದ್ದಾಗ ಚೂಟಿ ಓಡಿಹೋಗಿ ಆ ಮಸುಕಿಗೆ ಮುತ್ತು ಕೊಡುತ್ತಿದ್ದಳು. ಹಳೆಯ ಟಿವಿಯ ಗಾಜು ತುಟಿಗೆ ಚಟಚಟ ಎನ್ನುತ್ತಿತ್ತು, ಅಮ್ಮನೇ ತಿರುಗಿ ಕೊಟ್ಟಳೆಂದು ಅವಳು ತಿಳಿದಿದ್ದಳು. ಮೊದಲ ಸಂಬಳ ಬಂದದ್ದನ್ನೂ ಅವಳು ಆ ಮಸುಕಿಗೇ ಹೇಳಿದವಳು.

ಅಂಥವಳು ಆ ಪೆಟ್ಟಿಗೆಯನ್ನು ಕಿಟಕಿಯಲ್ಲೇ ಬಿಟ್ಟು ಬರುತ್ತಾಳೆಯೇ? ಒಳಗೆ ಹೋಗಿ ಅಂಗಡಿಯವನನ್ನು ನೇರವಾಗಿ ಕೇಳಿದಳು: ಇದನ್ನು ಕೊಂಡರೆ ಗುಂಪಿನಲ್ಲಿ ನಿಂತವರ ಮುಖ ಕಾಣುತ್ತದೆಯೇ?

ಡಿಸ್ಕ್ ಕೊಳ್ಳುವವರೇ ಕಡಿಮೆಯಾಗಿ ಮಾತಿಗೆ ಬರಗಾಲ ಬಂದಿದ್ದ ಆತನಿಗೆ ಇದು ಸಾಕಾಯಿತು. ಹೊಸ ಡಿಸ್ಕೆಂದು ಕಣ್ಣು ಮುಚ್ಚಿ ಕೊಳ್ಳಬಾರದು ಎಂದು ಆತ ಶುರುಮಾಡಿದ. ಕೆಲವರು ಹಳೆಯ ಡಿಸ್ಕನ್ನೇ ಹಿಗ್ಗಿಸಿ ಹೊಸ ಪೆಟ್ಟಿಗೆಗೆ ಹಾಕಿ ಮಾರುತ್ತಾರೆ, ಹಾಲಿಗೆ ನೀರು ಬೆರೆಸಿದ ಹಾಗೆ. ಅದಕ್ಕೆ ದುಡ್ಡು ಸುರಿಯುವುದು ದಂಡ. ಆದರೆ ಮೂಲ ಫಿಲ್ಮ್ ಸುರುಳಿಯನ್ನೇ ಹುಡುಕಿ ಹೊಸದಾಗಿ ನಕಲು ತೆಗೆದಿದ್ದರೆ ಆ ಮಾತೇ ಬೇರೆ. ಸುರುಳಿಯಲ್ಲಿ ಒಂದು ಮೂಟೆಯಷ್ಟು ಇತ್ತು, ಹಳೆಯ ಡಿಸ್ಕಿಗೆ ಹಿಡಿದದ್ದು ಒಂದು ಮುಷ್ಟಿ. ಸಾಲದ್ದಕ್ಕೆ ಆಗಿನ ಚೌಕ ಟಿವಿಗೆ ಹೊಂದಲೆಂದು ಚಿತ್ರದ ಎಡಬಲ ಕತ್ತರಿಸಿ ಎಸೆಯುತ್ತಿದ್ದರು. ಆತ ಪೆಟ್ಟಿಗೆಯ ಬೆನ್ನು ತಿರುಗಿಸಿ ಸಣ್ಣ ಅಕ್ಷರ ಓದಿದ. ಇದು ಸುರುಳಿಯಿಂದಲೇ ತೆಗೆದದ್ದಾಗಿತ್ತು. ಕೊನೆಗೆ ಆತ ಒಂದು ಮಾತು ಸೇರಿಸಿದ: "ಮುಖ ಅಂತೂ ಕಾಣುತ್ತೆ. ಯಾರ ಮುಖ ಅಂತ ಹೇಳೋರು ನಿಮ್ಮ ಮನೇಲಿ ಇರಬೇಕು, ಅಷ್ಟೇ."

ಎಡಬಲದ ಮಾತು ಅವಳ ಈ ಕಿವಿಯಲ್ಲಿ ಹೊಕ್ಕು ಆ ಕಿವಿಯಲ್ಲಿ ಹೋಯಿತು. ಕೊನೆಯ ಮಾತು ಮಾತ್ರ ಚುಚ್ಚಿತು: ಮನೆಯಲ್ಲಿ ಹಾಗೆ ಹೇಳಬಲ್ಲವನು ವಯಸ್ಸಾದ ಅಪ್ಪ ಒಬ್ಬನೇ.

ಮನೆಯಲ್ಲಿ ಗಂಡ ಎಂದಿನಂತೆ ವಾದಕ್ಕೆ ನಿಂತ. ಅವನು ಶಾಲೆಯ ಬಸ್ಸುಗಳ ಉಸ್ತುವಾರಿ ನೋಡುವವನು, ಯಾವುದಕ್ಕೂ ಲಾಭ ನಷ್ಟ ತೂಗದೆ ಬಿಡುವವನಲ್ಲ. ಈ ಡಿಸ್ಕಿಗೆ ಬೇರೆ ಪ್ಲೇಯರೇ ಬೇಕು, ಇರುವ ಪ್ಲೇಯರು ಇದನ್ನು ಮೂಸಿಯೂ ನೋಡದು. ಒಂದು ಚಿತ್ರಕ್ಕೆ ಒಂದು ಯಂತ್ರ ಎಂದರೆ ಮೂಗಿಗಿಂತ ಮೂಗುತಿ ಭಾರವಾಯಿತು. ಅಲ್ಲದೆ ಸೋಫಾದಲ್ಲಿ ಕೂತರೆ ಅಷ್ಟು ದೂರದಿಂದ ಹಳೆಯದೂ ಒಂದೇ, ಹೊಸದೂ ಒಂದೇ. ಅವನ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾಗದು. ಊರವರೆಲ್ಲ ಅವನ ಪರವೇ ನಿಲ್ಲುತ್ತಿದ್ದರು. ಚೂಟಿ ಪೂರ್ತಿ ಕೇಳಿಸಿಕೊಂಡು, ತಾನು ಸೋಫಾದಲ್ಲಿ ಕೂರುವುದಿಲ್ಲ, ಪರದೆಗೆ ಮೂಗು ತಾಗಿಸಿ ನಿಲ್ಲುತ್ತೇನೆ ಎಂದಳು. ಮರುದಿನ ಪ್ಲೇಯರು ಬಂತು.

ಅದನ್ನು ಜೋಡಿಸುವಾಗ ಅಪ್ಪ ಕೈ ಹಾಕಿದ. ಹಳೆಯ ಪ್ಲೇಯರಿನ ಕೆಂಪು, ಹಳದಿ, ಬಿಳಿ ತುದಿಯ ತಂತಿಯನ್ನು ಅವನು ಬಿಸ್ಕತ್ತಿನ ಡಬ್ಬಿಯಲ್ಲಿ ಸುತ್ತಿ ಜೋಪಾನ ಮಾಡಿದ್ದ. ತಂತಿ ತಂತಿಯೇ, ಹೊಸದು ಯಾಕೆ ಎಂದು ಅದನ್ನೇ ಸಿಕ್ಕಿಸಿದ. ಡಿಸ್ಕ್ ತಿರುಗಿತು, ದೋಣಿ ಬಂತು, ಅಪ್ಪ ಗುಂಡಿ ಒತ್ತಿ ಛತ್ರಿ ಎತ್ತಿದ. ಮೂರನೇ ಸಾಲು, ಕಂಬದ ಪಕ್ಕ. ಅದೇ ಮಸುಕು. ಮೊದಲಿಗಿಂತ ಇನ್ನೂ ಚಿಕ್ಕದು, ಯಾಕೆಂದರೆ ಪರದೆಯ ಮೇಲಂಚಿಗೂ ಕೆಳಂಚಿಗೂ ಎರಡು ಕಪ್ಪು ಪಟ್ಟಿ ಬೇರೆ ಬಂದು ಕೂತಿದ್ದವು. ಇಷ್ಟು ಖರ್ಚಿಗೆ ಎರಡು ಕಪ್ಪು ಪಟ್ಟಿ ಸಿಕ್ಕಿತಲ್ಲ ಎಂದು ಗಂಡ ಹೇಳಿದ. ಚೂಟಿ ಟಿವಿ ಆರಿಸಿ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಮಾರನೆಯ ದಿನ ಡಿಸ್ಕ್ ಅಂಗಡಿಯವನ ಮೇಲೆ ಜಗಳಕ್ಕೆ ಹೋದವಳನ್ನು ಆತ ಕೇಳಿದ್ದು ತಂತಿಯ ಬಣ್ಣ. ಮೂರು ಬಣ್ಣ ಎಂದದ್ದೇ ತಡ, ಆತ ಹಣೆ ಚಚ್ಚಿಕೊಂಡ. ಆ ತಂತಿ ಹಳೆಯ ಕಾಲದ ಚಿತ್ರವನ್ನಷ್ಟೇ ಹೊರಬಲ್ಲದು. ನಲ್ಲಿ ಕಿರಿದಾದರೆ ಕೆರೆ ತುಂಬಿದ್ದು ಏನು ಬಂತು? ಕಪ್ಪು ಬಣ್ಣದ, ಚಪ್ಪಟೆ ಮೂತಿಯ ಬೇರೆ ತಂತಿಯೊಂದನ್ನು ಆತ ಅವಳ ಕೈಗಿಟ್ಟ.

ಅದನ್ನು ಚೀಲದಲ್ಲಿಟ್ಟುಕೊಂಡು ಅವಳು ಮನೆಗೆ ಬಂದಾಗ ಅಪ್ಪ ನೀರು ಬಗ್ಗಿಸಿಕೊಳ್ಳುತ್ತಿದ್ದ. ನೀರು ಲೋಟಕ್ಕಲ್ಲ, ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಮೇಜಿನಿಂದ ಹರಿದು ಪಾದಕ್ಕೆ ತಾಗಿದಾಗಲೇ ಅವನಿಗೆ ಗೊತ್ತಾದದ್ದು. ಹಿಂದಿನ ದಿನ ಛತ್ರಿಯ ತುದಿ ಪರದೆಯ ಮೇಲೆ ತಡಕಾಡಿ ಕಂಬ ಹುಡುಕಿದ್ದು ಅವಳಿಗೆ ನೆನಪಾಯಿತು. ಅವಳು ಅಂದೇ ಅವನನ್ನು ಅಂಗಡಿಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ ಗೋಡೆಯ ಅಕ್ಷರ ಓದಿಸಿದಳು.

ಅಪ್ಪ ಕೊನೆಯ ಸಾಲಿನವರೆಗೂ ಗಟಗಟ ಓದಿದ. ಕಾಲೇಜು ಹುಡುಗರೇ ತಡವರಿಸುವ ಸಾಲು ಅದು. ಚೂಟಿಯ ಎಡಗಣ್ಣು ಕಿರಿದಾಯಿತು. ಸದ್ದಿಲ್ಲದೆ ಪಟ ಬದಲಿಸಿ ಮತ್ತೆ ಓದು ಎಂದಳು. ಅಪ್ಪ ಮತ್ತೆ ಗಟಗಟ ಓದಿದ, ಹಿಂದಿನ ಪಟದ ಅಕ್ಷರಗಳನ್ನೇ. ಮಗಳಿಗೆ ಊಟ ತಂದುಕೊಡುವ ನೆಪದಲ್ಲಿ ದಿನವೂ ಅಂಗಡಿಯಲ್ಲಿ ಕೂತು, ಗಿರಾಕಿಗಳು ಓದುವುದನ್ನು ಕೇಳಿ ಕೇಳಿ ಅವನು ಪಟವನ್ನು ಬಾಯಿಪಾಠ ಮಾಡಿದ್ದ. ಕಣ್ಣು ಪರೀಕ್ಷೆ ಮಾಡುವವಳ ಕಣ್ಣಿಗೇ ಮಣ್ಣೆರಚುವುದೆಂದರೆ ಅದಕ್ಕೂ ಒಂದು ಧೈರ್ಯ ಬೇಕು. ದೀಪ ಹಿಡಿದು ನೋಡಿದರೆ ಎರಡೂ ಕಣ್ಣಲ್ಲಿ ಪೊರೆ ಬಲಿತು ನಿಂತಿತ್ತು.

ಶಸ್ತ್ರಚಿಕಿತ್ಸೆ ಎಂದ ಕೂಡಲೇ ಅಪ್ಪ ಕುಂಟು ನೆಪಗಳ ಗಂಟು ಬಿಚ್ಚಿದ. ಚಳಿ ಮುಗಿಯಲಿ, ಸೆಕೆ ಮುಗಿಯಲಿ, ಪಕ್ಕದ ಮನೆಯವನಿಗೆ ಮಾಡಿಸಿ ಏನಾಯಿತು ನೋಡು. ಪಕ್ಕದ ಮನೆಯವನು ಅಂದಿನಿಂದ ದಿನಪತ್ರಿಕೆಯ ಪದಬಂಧ ಬಿಡಿಸುತ್ತಿದ್ದ, ಬೇರೇನೂ ಆಗಿರಲಿಲ್ಲ. ನೋಡುವುದೆಲ್ಲ ನೋಡಿ ಆಗಿದೆ, ಇನ್ನು ಏನು ಉಳಿದಿದೆ ಎಂಬಲ್ಲಿಗೆ ಅವನ ಮಾತು ಬಂದು ನಿಂತಿತು.

ಚೂಟಿ ಚೀಲದಿಂದ ಕಪ್ಪು ತಂತಿ ತೆಗೆದು ಅವನ ತೊಡೆಯ ಮೇಲಿಟ್ಟಳು. ಪೊರೆ ಕಂಡ ಗಳಿಗೆಯಿಂದ ಅವಳು ಲೆಕ್ಕ ಹಾಕುತ್ತಲೇ ಇದ್ದಳು. ತಂತಿ ಸಿಕ್ಕಿಸಿ ತಾನೊಬ್ಬಳೇ ನೋಡಿದರೆ ಮುಖಗಳೇನೋ ಕಾಣುತ್ತವೆ, ಅಮ್ಮ ಯಾರೆಂದು ಹೇಳುವವರಿಲ್ಲ. ಇವಳಾ ಎಂದು ತಾನು ತೋರಿಸಿದರೆ ಪೊರೆಗಣ್ಣಿನ ಅಪ್ಪ ಹೌದೆಂದುಬಿಡುತ್ತಾನೆ. ಮಗಳ ಮನಸ್ಸು ನೋಯಿಸದೆ 'ಕಂಡೆ' ಎಂದು ಹೇಳುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವಳು ಬರೆದ ಚಿತ್ರ, ಶಾಲೆಯ ನಾಟಕದಲ್ಲಿ ಮರದ ಹಿಂದೆ ನಿಂತದ್ದು, ಎಲ್ಲವನ್ನೂ ಅವನು ತಲೆಯೆತ್ತುವ ಮೊದಲೇ ಕಂಡಿದ್ದ.

"ನಿನ್ನ ಕಣ್ಣು ಸರಿಹೋಗೋವರೆಗೂ ನಾನು ಈ ತಂತಿ ಸಿಕ್ಕಿಸಲ್ಲ" ಎಂದಳು.

ಅಪ್ಪ ತಂತಿಯನ್ನು ಬೆರಳಲ್ಲಿ ಸವರಿದ. "ದೂರದ ಬೆಟ್ಟ ನುಣ್ಣಗೆ ಅಂತಾರೆ. ನುಣ್ಣಗೇ ಇರ್ಲಿ ಬಿಡು ಮಗಾ. ಹತ್ತಿರ ಹೋಗಿ, ಈಗ ಇರೋದೂ ಕೈಬಿಟ್ಟು ಹೋದ್ರೆ?"

ಅವನ ಹೆದರಿಕೆ ಕತ್ತರಿಯದಲ್ಲ ಎಂದು ಅವಳಿಗೆ ಆಗ ತಿಳಿಯಿತು. ಅವಳಿಗೂ ಒಳಗೊಳಗೇ ಅದೇ ಹೆದರಿಕೆ ಇತ್ತು. ಆದರೆ ಹೆದರಿಕೆಯನ್ನು ಹೊಸ್ತಿಲ ಹೊರಗೆ ಬಿಟ್ಟು ಮಾತಾಡುವುದು ಅವಳಿಗೆ ಮೊದಲಿನಿಂದಲೂ ಬರುತ್ತಿತ್ತು.

"ನೀನು ಅಮ್ಮನ್ನ ನೋಡಿದೀಯ ಅಪ್ಪಾ. ಸಾಕು ಅಂತ ನೀನು ಹೇಳಬಹುದು. ನಾನು ಇವತ್ತಿನವರೆಗೂ ನೋಡಿರೋದು ಒಂದು ಕಲೆ. ನನಗೆ ಅದು ಸಾಕಾಗಲ್ಲ."

ಅಪ್ಪ ಆಸ್ಪತ್ರೆಗೆ ಯಾವತ್ತು ಹೋಗಬೇಕು ಎಂದಷ್ಟೇ ಕೇಳಿದ.

ಮೊದಲು ಒಂದು ಕಣ್ಣು, ಕೆಲವು ವಾರ ಬಿಟ್ಟು ಇನ್ನೊಂದು. ಹನಿ ಹಾಕುವುದು, ಕಪ್ಪು ಕನ್ನಡಕ, ತಲೆ ಬಗ್ಗಿಸಬೇಡ, ಕಣ್ಣು ಉಜ್ಜಬೇಡ. ಚೂಟಿ ಸೈನ್ಯದ ಹವಾಲ್ದಾರನಂತೆ ಕಾದಳು. ಕಪ್ಪು ತಂತಿ ಅಷ್ಟು ದಿನವೂ ಟಿವಿಯ ಮೇಲೆ ಸುರುಳಿ ಸುತ್ತಿ ಕೂತಿತ್ತು. ಒಂದು ಸಲವಾದರೂ ಆ ತಂತಿಯನ್ನು ಕೇಬಲ್ ಡಬ್ಬಿಗೆ ಹಾಕಿ ಕ್ರಿಕೆಟ್ ಆಟ ನೋಡುತ್ತೇನೆ ಎಂದು ಗಂಡ ಗೋಗರೆದರೂ ಅವಳು ಮುಟ್ಟಗೊಡಲಿಲ್ಲ. ಕಣ್ಣು ತೆರೆದ ಮೇಲೆ ಅಪ್ಪ ಮನೆಯವರಿಗೆ ದೊಡ್ಡ ಕಾಟವಾದ. ಫ್ಯಾನಿನ ಮೇಲಿನ ಧೂಳು, ಬಾಗಿಲ ಸಂದಿಯ ಜೇಡ, ತಾನೇ ಹಿಂದೊಮ್ಮೆ ಕೂರಿಸಿದ ಕಿಟಕಿ ಗಾಜಿನ ಓರೆ, ಎಲ್ಲವೂ ಅವನ ಕಣ್ಣಿಗೆ ಬಿದ್ದವು. ಅಳಿಯನನ್ನು ದಿಟ್ಟಿಸಿ, ನೀವು ಇಷ್ಟು ಮುದುಕರಾಗಿದ್ದು ಯಾವಾಗ ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿದ. ಅಕ್ಷರದ ಪಟಗಳನ್ನು ಮಗಳು ಹಿಂದೆ ಮುಂದೆ ಮಾಡಿ ಓದಿಸಿದಳು. ಈ ಸಲ ಎಲ್ಲದರಲ್ಲೂ ಪಾಸಾದ.

ಒಂದು ರಜೆಯ ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಮೂವರೂ ಕೂತರು. ಅಪ್ಪ ಎಂದಿನಂತೆ ಬಲಗಡೆಯ ಬೆತ್ತದ ಕುರ್ಚಿಯಲ್ಲಿ. ಚೂಟಿ ತಂತಿ ಸಿಕ್ಕಿಸಿದಳು. ಅಪ್ಪನ ಕೈಯಲ್ಲಿ ರಿಮೋಟು ಕೊಟ್ಟು, ತಾನು ಮಾತಾಡುವುದಿಲ್ಲ, ಏನನ್ನೂ ತೋರಿಸುವುದಿಲ್ಲ, ಕಂಡದ್ದನ್ನು ನೀನೇ ಹೇಳಬೇಕು ಎಂದು ಮೊದಲೇ ಕಟ್ಟುಮಾಡಿದಳು.

ನೀರು ಬಂತು. ಅಲೆ ಅಲೆಯೂ ಬೇರೆಬೇರೆಯಾಗಿ ಹೊಳೆಯುವ ನೀರು, ದೋಣಿಯ ಹಲಗೆಯ ಮೊಳೆಗಳು, ನಾಯಕನ ಕೊರಳಿನ ಪೌಡರು ಬೆವರಿಗೆ ಕರಗಿ ಗೆರೆಯಾದದ್ದು. ಎಷ್ಟು ಸಲ ನೋಡಿದ ದೃಶ್ಯ ಅದು, ಮೊದಲ ಸಲ ನೋಡುತ್ತಿರುವಂತೆ ಆಯಿತು. ವಾದ ಮರೆತು ಗಂಡ ಸೋಫಾದ ತುದಿಗೆ ಬಂದಿದ್ದ. ದೋಣಿ ಕಟ್ಟೆಗೆ ತಾಗಿತು. ಅಪ್ಪ ಗುಂಡಿ ಒತ್ತಿದ.

ಮೂರನೇ ಸಾಲು, ಕಂಬದ ಪಕ್ಕ, ತಲೆಗೆ ಬಿಳಿ ಟವೆಲು ಹೊದ್ದು ನಿಂತಿದ್ದವನಿಗೆ ದಪ್ಪ ಮೀಸೆ ಇತ್ತು. ಕಿವಿಯ ಮೇಲೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ.

"ಇವನು ಸೆಟ್ಟಿನ ಬಡಗಿ" ಎಂದ ಅಪ್ಪ. ಅವನ ದನಿ ಸೋತಿತ್ತು. "ಗುಂಪಿಗೆ ಜನ ಸಾಲ್ದು ಅಂತ ಕೆಲಸದವರನ್ನೂ ತಳ್ಳಿದ್ರು."

ನಮ್ಮತ್ತೆಗೆ ಮೀಸೆ ಇತ್ತು ಅಂತ ಯಾರೂ ನನಗೆ ಹೇಳಿರಲಿಲ್ಲ ಎಂದು ಗಂಡನ ಬಾಯಿಂದ ಬಂದೇಬಿಟ್ಟಿತು. ಹೆಂಡತಿಯ ಮುಖ ನೋಡಿ ಅವನು ನಾಲಿಗೆ ಕಚ್ಚಿಕೊಂಡ. ಚೂಟಿಗೆ ನಗು ಬರಬೇಕಿತ್ತು, ಬರಲಿಲ್ಲ. ಚಿಕ್ಕಂದಿನ ಮುತ್ತುಗಳು, ಹೇಳಿಕೊಂಡ ಗುಟ್ಟುಗಳು, ಎಲ್ಲ ಯಾರೋ ಬಡಗಿಯ ಪಾಲಾಗಿದ್ದವು. ಕಲೆಯಾದರೂ ಇತ್ತು, ಈಗ ಅದೂ ಇಲ್ಲ. ತಾನೇ ಹಟ ಹಿಡಿದು, ತಾನೇ ದುಡ್ಡು ಕೊಟ್ಟು, ಅಪ್ಪನ ಕಣ್ಣಿಗೆ ಕತ್ತರಿ ಹಾಕಿಸಿ, ತಾಯಿಯನ್ನು ಎರಡನೆಯ ಸಲ ಕಳೆದುಕೊಂಡೆನಲ್ಲ ಎನಿಸಿತು.

ಅಪ್ಪ ಟಿವಿ ಆರಿಸಲು ರಿಮೋಟು ಎತ್ತಿದ. ಚೂಟಿ ಎದ್ದುಹೋಗಿ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅಳುವುದಿದ್ದರೆ ಆಮೇಲೆ ಅಳಬಹುದು. ಮೂರನೇ ಸಾಲು ಎಂದು ನಿನಗೆ ಹೇಳಿದ್ದು ಯಾರು ಎಂದು ಕೇಳಿದಳು.

ಅಪ್ಪ ತನ್ನ ಅಂಗೈ ನೋಡಿಕೊಳ್ಳುತ್ತ ಹೇಳಿದ. ಮದುವೆಯಾದ ಹೊಸತರಲ್ಲಿ ಇಬ್ಬರೂ ಈ ಚಿತ್ರಕ್ಕೆ ಹೋಗಿದ್ದರು. ದೋಣಿ ಬಂದಾಗ ಅವಳು ಅವನ ತೋಳು ಹಿಡಿದು, ಅಗೋ ನಾನು, ಕಂಬದ ಪಕ್ಕ ಎಂದಳು. ಅವನು ನೋಡುತ್ತಿದ್ದುದು ಪರದೆಯನ್ನಲ್ಲ, ಅವಳ ಮುಖವನ್ನು. ತಿರುಗುವಷ್ಟರಲ್ಲಿ ದೃಶ್ಯ ದಾಟಿಹೋಗಿತ್ತು. ಕಂಡೆಯಾ ಎಂದಳು. ಕಂಡೆ ಎಂದ. ಅವಳಿಗೆ ಅಷ್ಟು ಖುಷಿಯಾಗಿತ್ತು, ಇಲ್ಲ ಎನ್ನಲು ಮನಸ್ಸು ಬರಲಿಲ್ಲ. ಮುಂದೆ ಕ್ಯಾಸೆಟ್ಟು ಬಂದಾಗ ಮೂರನೇ ಸಾಲಿನಲ್ಲಿ, ಕಂಬದ ಪಕ್ಕ ಬಿಳಿ ಮುಸುಕಿನಂಥದ್ದು ಕಂಡಿತು, ಅವಳೇ ಎಂದುಕೊಂಡ. "ನನಗೇನೋ ಎರಡು ಕಂಬ ಇದ್ದ ಹಾಗೆ ನೆನಪು. ಆದ್ರೆ ಚಿತ್ರದಲ್ಲಿ ಒಂದೇ ಇತ್ತಲ್ಲ. ಚಿತ್ರ ಸುಳ್ಳು ಹೇಳುತ್ತಾ, ನನ್ನ ತಲೆಯೇ ಕೆಟ್ಟಿರಬೇಕು ಅಂತ ಬಿಟ್ಟೆ."

ಎರಡು ಕಂಬ. ಡಿಸ್ಕ್ ಅಂಗಡಿಯವನ ಮಾತು ಆಗ ಅವಳ ತಲೆಗೆ ಹೊಡೆಯಿತು: ಎಡಬಲ ಕತ್ತರಿಸಿ ಎಸೆಯುತ್ತಿದ್ದರು. ಅವಳು ಪರದೆಯ ಬಳಿ ಹೋಗಿ ನಿಂತಳು. ಇಷ್ಟು ಹೊತ್ತೂ ಮೂವರ ಕಣ್ಣೂ ಅಭ್ಯಾಸಬಲದಿಂದ ಮೂರನೇ ಸಾಲಿಗೇ ನೆಟ್ಟಿದ್ದವು. ಚಿತ್ರ ಹಳೆಯದಕ್ಕಿಂತ ಎಷ್ಟೋ ಅಗಲವಿತ್ತು. ಹಳೆಯದರಲ್ಲಿ ಗುಂಪು ಎಲ್ಲಿ ಮುಗಿಯುತ್ತಿತ್ತೋ ಅದರಾಚೆಗೂ ಕಟ್ಟೆ ಇತ್ತು, ಜನ ಇದ್ದರು, ಎಲ್ಲರ ಆಚೆ, ಬಲತುದಿಯಲ್ಲಿ, ಎರಡನೆಯ ಕಂಬ ಇತ್ತು. ಅದರ ಪಕ್ಕ ನೆರಳಿನಲ್ಲಿ ಯಾರೋ ಹುಡುಗಿ ನಿಂತಿದ್ದಳು. ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಕಂಬದ ನೆರಳು ಅಡ್ಡ ಬಿದ್ದಿತ್ತು.

ಬಾಯಿಗೆ ಬಂದ ಮಾತನ್ನು ಚೂಟಿ ನುಂಗಿದಳು. ಉತ್ತರವನ್ನು ಗಿರಾಕಿಯ ಬಾಯಿಗೆ ಇಡಬಾರದು. ಅಪ್ಪನ ಕಡೆ ತಿರುಗಿಯೂ ನೋಡದೆ, ಆ ಮನೆಯಲ್ಲಿ ಯಾರೂ ಎಂದೂ ಮಾಡದಿದ್ದ ಕೆಲಸ ಮಾಡಿದಳು. ಗುಂಡಿ ಒತ್ತಿ ಚಿತ್ರವನ್ನು ಮುಂದಕ್ಕೆ ಬಿಟ್ಟಳು.

ನಾಯಕ ದೋಣಿಯಿಂದ ಇಳಿದ. ಗುಂಪಿನ ತಲೆಗಳೆಲ್ಲ ಅವನತ್ತ ತಿರುಗಿದವು. ನಾಯಕಿ ಮುಂದೆ ಬಂದಳು, ಅವಳ ಕೆನ್ನೆಯ ಮೇಲೆ ಬಿಸಿಲಿನ ಒಂದು ತುಂಡು ಬೆಳ್ಳಗೆ ಕೂತಿತ್ತು. ಅಷ್ಟರಲ್ಲಿ ಆ ತುಂಡು ಅಲ್ಲಿಂದ ಜಾರಿತು. ಗಾಳಿಗೆ ಜಾರಿದ್ದು ಹಾಗೆ ಹೋಗುವುದಿಲ್ಲ. ಅದು ನಿಧಾನವಾಗಿ, ಹುಷಾರಾಗಿ, ಗುಂಪಿನ ಭುಜಗಳ ಮೇಲಿಂದ ಹಾದು, ದಾರಿ ಗೊತ್ತಿದ್ದ ಹಾಗೆ ಬಲತುದಿಯ ಕಂಬಕ್ಕೆ ಬಂದು, ಅಲ್ಲಿ ನಿಂತ ಹುಡುಗಿಯ ಮುಖದ ಮೇಲೆ ನಿಂತಿತು.

ಅವಳೊಬ್ಬಳು ನಾಯಕನನ್ನು ನೋಡುತ್ತಿರಲಿಲ್ಲ. ಬೆಳಕು ಎಲ್ಲಿಂದ ಬಂತೋ ಅಲ್ಲಿಗೆ ನೋಡಿದಳು, ಕ್ಯಾಮೆರಾದ ಪಕ್ಕಕ್ಕೆ, ಪರದೆಯಿಂದಾಚೆ ಬಲಗಡೆಗೆ, ಬೆತ್ತದ ಕುರ್ಚಿಯತ್ತ. ಅಗಲ ಹಣೆ, ಸ್ವಲ್ಪ ಮುಂದೆ ಬಂದ ಒಂದು ಹಲ್ಲು, ಮೇಲ್ತುಟಿಯ ಮೇಲೆ ಬೆವರಿನ ಹನಿ. ಬಿಸಿಲು ಚುಚ್ಚಿ ಅವಳ ಎಡಗಣ್ಣು ಕಿರಿದಾಯಿತು. ಆಮೇಲೆ ಅವಳು ನಕ್ಕಳು. ಬೆಳಕು ಅವಸರದಲ್ಲಿ ನಾಯಕಿಯ ಕೆನ್ನೆಗೆ ಓಡಿತು.

ಚೂಟಿ ಹಿಂದಕ್ಕೆ ತಿರುಗಿಸಿ ಆ ನಗುವಿನ ಮೇಲೆ ಚಿತ್ರವನ್ನು ನಿಲ್ಲಿಸಿದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದಳು. ಕಣ್ಣಿತ್ತು, ಮೂಗಿತ್ತು, ಕಣ್ಣಿನ ರೆಪ್ಪೆಗಳಿದ್ದವು. ತನಗಿಂತ ಎಷ್ಟೋ ಚಿಕ್ಕವಳಾದ ಒಬ್ಬ ಅಮ್ಮ ಅಲ್ಲಿದ್ದಳು. ಚೂಟಿಗೆ ಈಗ ಅಳು ಬಂತು, ತಡೆಯಲಿಲ್ಲ. ಹಿಂದೆ ಗಂಡ ಮೂಗು ಸೀಟುತ್ತಿದ್ದುದು ಕೇಳಿಸಿತು.

ಅಪ್ಪನಿಂದ ಮಾತ್ರ ಸದ್ದಿಲ್ಲ. ಏನನ್ನು ತೋರಿಸಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಂಡೆ ಎನ್ನುವವನು, ಕುರ್ಚಿಯ ತೋಳುಗಳನ್ನು ಹಿಡಿದು, ಹಲಗೆ ಹಿಡಿದು ನಿಂತವನಂತೆ ಅಲುಗಾಡದೆ ಕೂತಿದ್ದ.

"ಕಂಡ್ಳಾ ಅಪ್ಪಾ?" ಎಂದು ಅವಳು ಕೇಳಿದಳು.

"ಇರು" ಎಂದ ಅಪ್ಪ. "ನೋಡ್ತಾ ಇದೀನಿ."